ಪ್ರವಾಸ ಹೊರಟ ಮಕ್ಕಳು ನಮ್ಮ ಅಂಗಳಕ್ಕೂ ಬರಲಿ

ನಮ್ಮ ಸಂಘದ ಕಛೇರಿಯಿಂದ ಕೂಗಳತೆ ದೂರದಲ್ಲಿ, ಬಸ್ಸು ನಿಲ್ಲುವ ಕಟ್ಟೆಯ ಪಕ್ಕ, ಒಂದು ಕಲ್ಲು ವಾಲಿಕೊಂಡು ನಿಂತಿದೆ. ಮಳೆಗಾಲದಲ್ಲಿ ಪಾಚಿ ಹಿಡಿದು ಹಸಿರಾಗುತ್ತದೆ. ಬೇಸಗೆಯಲ್ಲಿ ಜನ ಒರಗಿ ಒರಗಿ ನುಣುಪಾದ ಅಂಚು ಹೊಳೆಯುತ್ತದೆ. ಮಂಡಿಗೆ ಹೋಗಬೇಕಾದ ಅಡಿಕೆ ಮೂಟೆಯನ್ನು ಅದಕ್ಕೆ ಆನಿಸಿಟ್ಟು ನಾವೇ ಎಷ್ಟೋ ಸಲ ಕವಳ ಹಾಕಿದ್ದೇವೆ. ಶಾಲೆಯ ಮಕ್ಕಳು ಅದರ ನೆತ್ತಿಗೆ ಚೀಲ ನೇತುಹಾಕಿ ಆಟವಾಡುತ್ತಾರೆ.

ಕಳೆದ ವರ್ಷ ನವೆಂಬರಿನಲ್ಲಿ ನಮ್ಮ ಭಾಗದ ಒಂದು ಪ್ರೌಢಶಾಲೆಯ ಮಕ್ಕಳು ಇದೇ ಕಲ್ಲಿನ ಹತ್ತಿರ ಬೆಳಗಿನ ಜಾವ ನಾಲ್ಕು ಗಂಟೆಗೆ ಬಸ್ಸು ಹತ್ತಿ ಮೂರು ದಿನದ ಶೈಕ್ಷಣಿಕ ಪ್ರವಾಸ ಹೊರಟರು. ನಮ್ಮಲ್ಲಿ ಹಲವರ ಮಕ್ಕಳೂ ಮೊಮ್ಮಕ್ಕಳೂ ಅದರಲ್ಲಿದ್ದರು. ಬೇಲೂರು, ಹಳೇಬೀಡು, ಶ್ರವಣಬೆಳಗೊಳ, ಶ್ರೀರಂಗಪಟ್ಟಣ, ಮೈಸೂರು ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ, ಕನ್ನಂಬಾಡಿ ಎಂದು ಒಟ್ಟು ಹದಿನೇಳು ಜಾಗ. ಹಿಂತಿರುಗಿದ ಮೇಲೆ ಅಧ್ಯಾಪಕರು ಪ್ರಬಂಧ ಬರೆಸಿದರು. ಅವರು ನಮಗೆ ಪರಿಚಿತರಾದ್ದರಿಂದ ಕೆಲವು ಪುಸ್ತಕಗಳನ್ನು ತಂದು ತೋರಿಸಿದರು. ಒಬ್ಬ ಹುಡುಗ ಪ್ರಾಮಾಣಿಕವಾಗಿ ಬರೆದಿದ್ದ: ಬೇಲೂರಿನಲ್ಲಿ ದೇವಸ್ಥಾನ ಇದೆ, ಅದರ ಎದುರು ಹೋಟೆಲಿನಲ್ಲಿ ಪೂರಿ ತಿಂದೆವು, ಹಳೇಬೀಡಿನಲ್ಲಿ ನಿದ್ದೆ ಬಂದದ್ದರಿಂದ ನಾನು ಬಸ್ಸಿನಿಂದ ಇಳಿಯಲಿಲ್ಲ.

ಇದರಲ್ಲಿ ಮಕ್ಕಳ ತಪ್ಪಿಲ್ಲ, ಅಧ್ಯಾಪಕರದೂ ಅಷ್ಟಾಗಿ ಇಲ್ಲ. ಬಸ್ಸಿನ ಬಾಡಿಗೆ ದಿನದ ಲೆಕ್ಕ, ರಜೆ ಬೆರಳೆಣಿಕೆಯದು. ಅದಕ್ಕೂ ಮಿಗಿಲಾಗಿ, "ಇಷ್ಟು ದುಡ್ಡು ಕೊಟ್ಟ ಮೇಲೆ ಇನ್ನೆರಡು ಜಾಗ ತೋರಿಸಬಾರದೇ ಮೇಷ್ಟ್ರೇ" ಎಂದು ಪೋಷಕರ ಸಭೆಯಲ್ಲಿ ಕೇಳಿದವರು ನಾವೇ.

ಆ ಪ್ರಬಂಧಗಳನ್ನು ಓದಿದ ಮೇಲೆ ನಾವು ಬಸ್ಸಿಗೆ ಕಾದು ನಿಂತಿದ್ದ ಆರೇಳು ಮಕ್ಕಳನ್ನು ಕರೆದು, "ನೀವು ದಿನಾ ಒರಗುವ ಈ ಕಲ್ಲು ಏನು?" ಎಂದು ಕೇಳಿದೆವು. "ಚೌಡಿ ಕಲ್ಲು" ಎಂದಳು ಒಬ್ಬಳು. "ಬಸ್ ಸ್ಟಾಪಿನ ಕಲ್ಲು" ಎಂದ ಇನ್ನೊಬ್ಬ. ಮಕ್ಕಳನ್ನು ನೋಡಿ ನಗಲು ಹೋದ ನಮಗೂ ಪೂರ್ತಿ ಉತ್ತರ ಗೊತ್ತಿರಲಿಲ್ಲ. ಪಕ್ಕದ ಅಂಗಡಿಯ ಹಿರಿಯರೊಬ್ಬರು ಎದ್ದು ಬಂದು, ಒದ್ದೆ ತೆಂಗಿನ ನಾರಿನಿಂದ ಪಾಚಿ ಉಜ್ಜಿ ತೋರಿಸಿದರು. ಕೆಳಗಿನ ಪಟ್ಟಿಕೆಯಲ್ಲಿ ಕತ್ತಿ ಹಿಡಿದ ಒಬ್ಬ, ಅವನ ಹಿಂದೆ ಕೋಡಿನ ಸಾಲು, ಅಂದರೆ ದನಗಳು. ನಡುವಿನ ಪಟ್ಟಿಕೆಯಲ್ಲಿ ಇಬ್ಬರು ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಲಿಂಗದ ಮುಂದೆ ಅವನು ಕೈಮುಗಿದು ಕುಳಿತಿದ್ದಾನೆ; ಎರಡು ಪಕ್ಕದಲ್ಲಿ ಸೂರ್ಯ ಚಂದ್ರರು. ತುರು ಕಾಯುತ್ತಾ ಸತ್ತ ನಮ್ಮೂರಿನವನೊಬ್ಬನ ವೀರಗಲ್ಲು. ಹಳೇಬೀಡಿನಲ್ಲಿ ಬಸ್ಸಿನಿಂದ ಇಳಿಯದ ಹುಡುಗ ಇಲ್ಲಿ ಕಾಲು ಗಂಟೆ ಕುಕ್ಕರುಗಾಲಿನಲ್ಲಿ ಕುಳಿತು ಕೋಡು ಎಣಿಸಿದ. ಬಸ್ಸು ಬಂದು ಹೋದದ್ದೇ ಅವನಿಗೆ ತಿಳಿಯಲಿಲ್ಲ.

ಓದಿಗಾಗಿ ಊರು ಬಿಟ್ಟು ಹೋಗುವುದು ನಮ್ಮ ನಾಡಿಗೆ ಹೊಸದೇನಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಎದುರು ಒಂದು ಶಾಸನದ ಕಂಬವಿದೆ, 5ನೆಯ ಶತಮಾನದ್ದು. ಮಯೂರಶರ್ಮನೆಂಬ ತರುಣ ತನ್ನ ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ವೇದ ಓದಲು ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾದದ್ದು, ದರ್ಭೆ ಹಿಡಿಯುತ್ತಿದ್ದ ಕೈಯಲ್ಲಿ ಕತ್ತಿ ಹಿಡಿದು ಕದಂಬ ರಾಜ್ಯ ಕಟ್ಟಿದ್ದು ಎಲ್ಲ ಅದರಲ್ಲಿದೆ. ನಮ್ಮ ಮಕ್ಕಳ ಪ್ರವಾಸದಿಂದ ರಾಜ್ಯ ಹುಟ್ಟಬೇಕೆಂದು ನಾವು ಕೇಳುವುದಿಲ್ಲ. ಒಂದು ಪ್ರಶ್ನೆ ಹುಟ್ಟಿದರೆ ಬಸ್ಸಿನ ಬಾಡಿಗೆ ಗಿಟ್ಟಿತು. ಅಡಿಕೆಯ ಸೀಮೆಯಾದ ಪುತ್ತೂರಿನಲ್ಲೇ ಶಿವರಾಮ ಕಾರಂತರು ಬಾಲವನ ಕಟ್ಟಿ, ಮಕ್ಕಳು ನೋಡಿ, ಮುಟ್ಟಿ, ಆಡಿ ಕಲಿಯಬೇಕೆಂದು ವರ್ಷಾನುಗಟ್ಟಲೆ ದುಡಿದರು. 1969ರಲ್ಲಿ ಗಾಂಧಿ ಶತಮಾನೋತ್ಸವದ ವರ್ಷ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾದ ಮೇಲೆ ಕಾಲೇಜು ವಿದ್ಯಾರ್ಥಿಗಳು ಹಳ್ಳಿಯಲ್ಲಿ ವಾರಗಟ್ಟಲೆ ತಂಗುವ ಪದ್ಧತಿಯೂ ಬಂತು. ಆ ಶಿಬಿರಗಳಲ್ಲಿ ಹಾಕಿದ ರಸ್ತೆಗಳ ಮೇಲೆ ನಮ್ಮಲ್ಲಿ ಹಲವರು ಇಂದಿಗೂ ಓಡಾಡುತ್ತೇವೆ. ಅವರು ನಮ್ಮಿಂದ ಏನು ಕಲಿತು ಹೋದರೆಂದು ಮಾತ್ರ ನಾವು ಯಾರೂ ವಿಚಾರಿಸಲಿಲ್ಲ.

ಈ ವಿಷಯ ಈಗ ಸಂಘದ ಪತ್ರಿಕೆಗೆ ಬರಲು ಕಾರಣ ಕಳೆದ ವರ್ಷ ಬಂದ ಒಂದು ಕಾಗದ. ಕೊಪ್ಪಳ ಜಿಲ್ಲೆಯ ಒಂದು ಪದವಿ ಕಾಲೇಜಿನ ಕನ್ನಡ ಅಧ್ಯಾಪಕರು ಬರೆದಿದ್ದರು. ಮಲೆನಾಡಿನ ಬದುಕನ್ನು ಪುಸ್ತಕದಲ್ಲಿ ಓದುವ ತಮ್ಮ ವಿದ್ಯಾರ್ಥಿಗಳಿಗೆ ಅದನ್ನು ಕಣ್ಣಾರೆ ತೋರಿಸಬೇಕು. ಹೋಟೆಲು ಬೇಡ, ಬೆಳೆಗಾರರ ಮನೆಗಳಲ್ಲಿ ನಾಲ್ಕು ದಿನ ಇರಲು ಅವಕಾಶವಾದೀತೇ ಎಂದು ಕೇಳಿದ್ದರು. ಇಪ್ಪತ್ತೆರಡು ವಿದ್ಯಾರ್ಥಿಗಳು, ಅವರಲ್ಲಿ ಒಂಬತ್ತು ಹುಡುಗಿಯರು. ಇಬ್ಬರು ಅಧ್ಯಾಪಕರು, ಒಬ್ಬರು ಮಹಿಳೆ.

ಆಡಳಿತ ಮಂಡಳಿಯ ಸಭೆಯಲ್ಲಿ ಕಾಗದ ಓದಿದಾಗ ಮೊದಲು ಬಂದ ಮಾತು, "ಡಿಸೆಂಬರಿನಲ್ಲಿ ಯಾರಿಗೆ ಪುರುಸೊತ್ತು?" ಎಂಬುದು. ಅದು ನ್ಯಾಯವೇ. ಅಡಿಕೆ ಕೊಯ್ಲು, ಸುಲಿತ, ಬೇಯಿಸುವ ಕೆಲಸ ಒಂದು ಕಡೆ. ಅರೇಬಿಕಾ ಹಣ್ಣು ಕಣಕ್ಕೆ ಬರುವುದು ಇನ್ನೊಂದು ಕಡೆ. ಶಾಲೆ ಕಾಲೇಜುಗಳ ಪ್ರವಾಸವೆಲ್ಲ ಸರಿಯಾಗಿ ಈ ಹೊತ್ತಿಗೇ ಬೀಳುತ್ತದೆ. ಎರಡನೆಯ ಮಾತು, "ಇದರಿಂದ ಸಂಘಕ್ಕೆ ಏನು ಬಂತು?" ಅದಕ್ಕೆ ಆ ದಿನ ಯಾರೂ ಉತ್ತರ ಕೊಡಲಿಲ್ಲ. ಕೊನೆಗೆ ಎಂಟು ಮನೆಯವರು ಒಪ್ಪಿದರು. ಒಪ್ಪಿದವರಲ್ಲಿ ಹೆಚ್ಚಿನವರು ಮಕ್ಕಳನ್ನು ಬೆಂಗಳೂರಿಗೋ ಹೊರದೇಶಕ್ಕೋ ಕಳಿಸಿ, ಹದಿನಾಲ್ಕು ಅಂಕಣದ ಮನೆಯಲ್ಲಿ ಇಬ್ಬರೇ ಉಳಿದವರು ಎಂಬುದನ್ನು ನಾವು ಆಮೇಲೆ ಗಮನಿಸಿದೆವು.

ಮೊದಲ ಸಂಜೆ ಎಲ್ಲ ಮನೆಗಳಲ್ಲೂ ನೀರಿನದೇ ಮಾತು. ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ಬಂದು ಹಗಲು ರಾತ್ರಿ ಕಲ್ಲುಬಾನಿಗೆ ಸುರಿಯುವ ನೀರನ್ನು ನೋಡಿ ಒಬ್ಬ ಹುಡುಗನಿಗೆ ಮನಸ್ಸು ತಡೆಯಲಿಲ್ಲ. "ಅಜ್ಜಿ, ರಾತ್ರಿ ಇದನ್ನ ಬಂದ್ ಮಾಡಂಗಿಲ್ಲೇನ್ರಿ? ಎಷ್ಟ್ ನೀರು ಸುಮ್ನ ಹೊಂಟೈತಿ!" ಎಂದ.

"ಬಂದ್ ಮಾಡೂದು ಎಂತಕ್ಕೆ ಮಾರಾಯ? ಅದು ತೋಟಕ್ಕೆ ಹೋಗ್ತದೆ" ಎಂದರು ಅಜ್ಜಿ. ಸ್ವಲ್ಪ ಹೊತ್ತು ಬಿಟ್ಟು ತಾವಾಗಿ ಹೇಳಿದರು: "ನಾನು ಈ ಮನೆಗೆ ಮದುವೆಯಾಗಿ ಬಂದಾಗ ಇದು ಮುಂದಿನ ಮಳೆಗಾಲದ ತನಕ ಬರ್ತಿತ್ತು. ಈಗ ಶಿವರಾತ್ರಿ ಕಳೆದರೆ ಸಣ್ಣ ಆಗ್ತದೆ. ಮೇಲಿನ ಕಾನು ಮೊದಲಿನ ಹಾಗೆ ಇಲ್ಲ." ಮನೆಯ ಯಜಮಾನರು ಪಕ್ಕದಲ್ಲೇ ಇದ್ದರು. ತಾಯಿ ಈ ಮಾತನ್ನು ಯಾವತ್ತೂ ತಮ್ಮ ಎದುರು ಆಡಿದ್ದಿಲ್ಲವೆಂದು ಅವರು ನಮಗೆ ಹೇಳಿದರು. ಯಾರೂ ಕೇಳಿರಲಿಲ್ಲ, ಅಷ್ಟೆ.

ವಿದ್ಯಾರ್ಥಿಗಳು ಮಾತುಗಳನ್ನು ಬರೆದುಕೊಳ್ಳುತ್ತಿದ್ದರು. ಹಾಳೆ, ಸೋಗೆ, ದಬ್ಬೆ, ಸಂಕ, ಹಕ್ಕಲು, ಬ್ಯಾಣ, ಕಾನು, ಸೊಪ್ಪಿನಬೆಟ್ಟ, ಚೊಗರು, ಗೊರಬಲು. ನಾವು ದಿನವೂ ಬಾಯಿತುಂಬ ಆಡುವ ಈ ಮಾತುಗಳಲ್ಲಿ ಅರ್ಧದಷ್ಟು ನಮ್ಮ ಮೊಮ್ಮಕ್ಕಳಿಗೆ ತಿಳಿಯುವುದಿಲ್ಲ. ಪ್ರತಿಯಾಗಿ ಅವರು ನಮಗೆ ಎರೆ, ಮಸಾರಿ, ಒಡ್ಡು, ಹಗೇವು ಎಂದು ಕಲಿಸಿದರು. ಹಗೇವು ಎಂದರೆ ನೆಲದೊಳಗೆ ತೋಡಿ ಜೋಳ ತುಂಬಿಡುವ ಕಣಜ. ನೆಲ ತೋಡಿದರೆ ಒರತೆ ಏಳುವ ನಮ್ಮ ಊರಿನಲ್ಲಿ ಇದು ಊಹೆಗೂ ಬರುವುದಿಲ್ಲ. ಒಂದೇ ಕನ್ನಡ, ಆದರೆ ನೆಲ ಬೇರೆಯಾದಂತೆ ಮಾತಿನ ಕಣಜವೂ ಬೇರೆ. ಕನ್ನಡದ ಅಧ್ಯಾಪಕರು ಇದನ್ನೇ ತರಗತಿಯಲ್ಲಿ ಮೂರು ತಿಂಗಳು ಹೇಳಿದ್ದರಂತೆ.

ಎರಡನೆಯ ದಿನ ಕುಪ್ಪಳಿಗೆ ಹೋದರು. 1904ರಲ್ಲಿ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ ಹುಟ್ಟಿದ ಕುವೆಂಪು ಬೆಳೆದ ಮನೆ ಅಲ್ಲಿ ಈಗ ಕವಿಮನೆಯಾಗಿ ಉಳಿದಿದೆ. ಮೇಲೆ ಕವಿಶೈಲ, ಅಲ್ಲೇ ಅವರ ಸಮಾಧಿ. ತೊಟ್ಟಿ, ಜಗುಲಿ, ಕಣಜ, ಬಾಣಂತಿ ಕೋಣೆ, ದೊಡ್ಡ ಒಲೆ ನೋಡಿ ವಿದ್ಯಾರ್ಥಿಗಳು ಬೆರಗಾದರು. ಒಬ್ಬ ಹುಡುಗಿ ಮಾತ್ರ, "ಸರ್, ಇದು ನಾವು ಇಳಕೊಂಡಿರೋ ಮನಿ ಹಂಗೇ ಐತಲ್ರಿ. ಆದ್ರ ಅಲ್ಲಿ ಮಂದಿ ಅದಾರ" ಎಂದಳು. ಸಂಗ್ರಹಾಲಯದಲ್ಲಿ ಒಲೆ ತಣ್ಣಗಿರುತ್ತದೆ. ನಮ್ಮಲ್ಲಿ ಇನ್ನೂ ಉರಿಯುವ ಒಲೆಗಳಿವೆ, ಎಷ್ಟು ವರ್ಷವೋ ಹೇಳಲಾರೆವು. ಹಳದಿ ಎಲೆ ರೋಗ ಬಂದು ತೋಟ ಹೋದ ಶೃಂಗೇರಿ, ಕೊಪ್ಪದ ಕೆಲವು ಕಡೆ ಮನೆಗಳಿಗೆ ಬೀಗ ಬಿದ್ದಿರುವುದನ್ನು ಸದಸ್ಯರು ಬಲ್ಲರು. ಈಗ ಎಲೆಚುಕ್ಕೆ ರೋಗವೂ ಸೇರಿದೆ.

ಮಧ್ಯಾಹ್ನ ಕವಲೇದುರ್ಗದ ಕೋಟೆ. ಕೆಳದಿ ನಾಯಕರ ಗಟ್ಟಿ ನೆಲೆಗಳಲ್ಲೊಂದು. ಸುತ್ತು ಸುತ್ತಾಗಿ ಕೋಟೆ ಏರುವಾಗ ರಾಜರ ಕಥೆ ಕೇಳುವುದು ವಾಡಿಕೆ. ನಾವು ಕಂದಾಯದ ಕಥೆ ಹೇಳಿದೆವು. 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕ, ನೆಲವನ್ನು ಗುಣಕ್ಕೆ ತಕ್ಕಂತೆ ದರ್ಜೆ ಮಾಡಿ, ಹನ್ನೆರಡು ವರ್ಷದ ಬೆಳೆಯ ಸರಾಸರಿ ತೆಗೆದು ತೆರಿಗೆ ಗೊತ್ತುಮಾಡಿದನೆಂದು ಹೇಳುತ್ತಾರೆ. ಅಡಿಕೆ ತೋಟಕ್ಕೆ ಮರದ ಲೆಕ್ಕ. ಶಿವಪ್ಪನಾಯಕನ ಶಿಸ್ತು ಎಂದು ಇವತ್ತಿಗೂ ನಮ್ಮ ಬಾಯಲ್ಲಿರುವ ಮಾತು ಹುಟ್ಟಿದ್ದು ಹಾಗೆ. ಒಣಬೇಸಾಯದ ಮನೆಯಿಂದ ಬಂದ ಹುಡುಗನೊಬ್ಬ, "ಹನ್ನೆರಡು ವರ್ಷದ ಸರಾಸರಿ ಅಂದ್ರ ಬರಗಾಲಾನೂ ಲೆಕ್ಕಕ್ಕ ಬಂತಲ್ರಿ" ಎಂದು ತಟ್ಟನೆ ಹೇಳಿದ. ರಾಜರ ಹೆಸರುಗಳ ಪಟ್ಟಿ ಅವನಿಗೆ ನೆನಪಿರಲಾರದು, ಇದು ಇರುತ್ತದೆ.

ಹಾಗೆಂದು ಎಲ್ಲವೂ ಹೂವೆತ್ತಿದ ಹಾಗೆ ನಡೆಯಿತೆಂದು ತಿಳಿಯಬಾರದು. ಒಬ್ಬ ವಿದ್ಯಾರ್ಥಿ, ಬಚ್ಚಲ ಒಲೆಗೆ ಬೆಂಕಿ ಹಾಕುತ್ತಿದ್ದ ಅಜ್ಜಿಯೊಬ್ಬರ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಹತ್ತಾರು ಜನಕ್ಕೆ ಕಳಿಸಿಬಿಟ್ಟಿದ್ದ. ಸೆರಗು ಸರಿಯಿಲ್ಲದ ಹೊತ್ತು. ಬೆಂಗಳೂರಿನಲ್ಲಿರುವ ಮಗನಿಗೆ ಅದು ಹೇಗೋ ತಲುಪಿ ಅವರು ಫೋನಿನಲ್ಲಿ ಬಹಳ ನೊಂದುಕೊಂಡರು. ಹುಡುಗ ಅಜ್ಜಿಯ ಕಾಲಿಗೆ ಬಿದ್ದ. ಅಜ್ಜಿ, "ಹೋಗ್ಲಿ ಬಿಡು, ಕೇಳಿದ್ರೆ ಒಳ್ಳೇ ಸೀರೆ ಉಟ್ಕೊಳ್ತಿದ್ದೆ" ಎಂದರು. ಅವರು ದೊಡ್ಡವರು, ಹಾಗೆ ಹೇಳಿದರು. ಎಲ್ಲರೂ ಹಾಗೆ ಹೇಳಬೇಕಾಗಿಲ್ಲ.

ಇನ್ನೊಂದು ಪ್ರಸಂಗವನ್ನು ಬರೆಯಬೇಕೇ ಬೇಡವೇ ಎಂದು ನಮ್ಮಲ್ಲೇ ಚರ್ಚೆಯಾಯಿತು. ಬರೆಯುವುದೆಂದು ತೀರ್ಮಾನಿಸಿದೆವು. ಒಂದು ಮನೆಯ ಅಂಗಳದಲ್ಲಿ ರಾತ್ರಿ ಎಂಟರ ತನಕ ಅಡಿಕೆ ಸುಲಿಯುತ್ತಿದ್ದರು. ವಿದ್ಯಾರ್ಥಿಗಳೂ ಮೆಟ್ಟುಗತ್ತಿಯ ಮುಂದೆ ಕುಳಿತು ಬೆರಳು ಕೊಯ್ದುಕೊಳ್ಳದಂತೆ ಕಲಿಯುತ್ತಿದ್ದರು. ಚಹಾ ಬಂತು. ವಿದ್ಯಾರ್ಥಿಗಳಿಗೆ ತಟ್ಟೆಯಲ್ಲಿಟ್ಟು ಕೊಟ್ಟರು. ಸುಲಿಯುವವರು ಎದ್ದು ಹೋಗಿ ಕೊಟ್ಟಿಗೆ ಗೋಡೆಯ ಗೂಡಿನಿಂದ ತಮ್ಮ ತಮ್ಮ ಲೋಟ ತೆಗೆದು, ತೊಳೆದು, ಹಿಡಿದರು. ಒಬ್ಬ ಹುಡುಗಿ ಏನೂ ತಿಳಿಯದವಳಂತೆ ಅಲ್ಲ, ತಿಳಿದೇ ಕೇಳಿದಳು: "ಅಮ್ಮಾ, ಆ ಲೋಟ ಯಾಕ್ರಿ ಅಲ್ಲಿ ಇಟ್ಟೀರಿ?" ಮನೆಯಮ್ಮ ಒಳಗೆ ಹೋದರು. ಯಜಮಾನರು ಅಡಿಕೆಯ ದರದ ಮಾತು ತೆಗೆದರು. ಸುಲಿಯುವ ಹೆಂಗಸರು ತಲೆ ತಗ್ಗಿಸಿ ಸುಲಿಯುತ್ತಲೇ ಇದ್ದರು. ಅಂಗಳದಲ್ಲಿ ಬಹಳ ಹೊತ್ತು ಕತ್ತಿಗೆ ಅಡಿಕೆ ತಾಗುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ನಮ್ಮ ಕೆಲವು ಸದಸ್ಯರು, "ಕಲಿಯಲು ಬಂದವರು ಕಲಿತು ಹೋಗಬೇಕು, ಮನೆಯವರಿಗೆ ಪಾಠ ಹೇಳಬಾರದು" ಎಂದರು. ನಮಗೆ ಹಾಗೆ ಅನ್ನಿಸುವುದಿಲ್ಲ. ನಮ್ಮ ಸಂಸ್ಕೃತಿ ತೋರಿಸುತ್ತೇವೆ ಬನ್ನಿ ಎಂದು ಕರೆದ ಮೇಲೆ ಪತ್ರೊಡೆ, ತಂಬುಳಿ, ಯಕ್ಷಗಾನ ಮಾತ್ರ ತೋರಿಸಿ ಗೋಡೆಯ ಗೂಡನ್ನು ಮುಚ್ಚಿಡಲು ಬರುವುದಿಲ್ಲ. ಎರಡೂ ನಮ್ಮ ಅಂಗಳದ್ದೇ.

ಮೂರನೆಯ ದಿನ ನಡೆದದ್ದನ್ನು ಯಾರೂ ಯೋಜಿಸಿರಲಿಲ್ಲ. ಒಬ್ಬ ಸದಸ್ಯರ ಕಾಫಿ ತೋಟದಲ್ಲಿ ಹಣ್ಣು ಬಿಡಿಸುವುದನ್ನು ನೋಡಲು ಐದಾರು ವಿದ್ಯಾರ್ಥಿಗಳು ಹೋಗಿದ್ದರು. ದಾರಿಯಲ್ಲಿ ಒಬ್ಬ, ಕಾಫಿ ನಿಮ್ಮ ಕಡೆಯದೇ ಬೆಳೆ ಅಲ್ಲವೇ ಎಂದು ಕೇಳಿದ. ಅಲ್ಲವೆಂದೆವು. ಬಾಬಾ ಬುಡನ್ ಎಂಬ ಸೂಫಿ ಸಂತರು 17ನೆಯ ಶತಮಾನದಲ್ಲಿ ಯೆಮನ್ನಿನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಹಾಕಿದರೆಂಬುದು ಪ್ರತೀತಿ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಆರಂಭವಾದದ್ದು 1925ರಲ್ಲಿ. ತೋಟಕ್ಕೆ ಆಳುಗಳೂ ಎಲ್ಲೆಲ್ಲಿಂದಲೋ ಬಂದವರು. ಹಿಂದೆ ಘಟ್ಟದ ಕೆಳಗಿನಿಂದ ತುಳು ಮಾತಾಡುವವರು ಕೊಯ್ಲಿಗೆ ಹತ್ತಿ ಬಂದು ಮಳೆಗಾಲದ ಗದ್ದೆ ಕೆಲಸಕ್ಕೆ ಇಳಿದು ಹೋಗುತ್ತಿದ್ದರು. ತಮಿಳು ಸೀಮೆಯಿಂದ ಬಂದು ಇಲ್ಲೇ ನಿಂತವರಿದ್ದಾರೆ. ಈಗ ಅಸ್ಸಾಮಿನಿಂದ ಬರುತ್ತಾರೆ, ನಮ್ಮ ಉತ್ತರದ ಜಿಲ್ಲೆಗಳಿಂದಲೂ ಬರುತ್ತಾರೆ.

ಈ ಮಾತು ಆಡುತ್ತಿರುವಾಗಲೇ ಗಿಡಗಳ ನಡುವಿನಿಂದ ಒಬ್ಬ ಹೆಂಗಸು ಯಾರನ್ನೋ ಕೂಗಿದಳು. ನಮ್ಮೊಡನಿದ್ದ ಹುಡುಗ ಗಕ್ಕನೆ ನಿಂತ. ಅದು ಅವನ ಊರಿನ ಮಾತಿನ ಧಾಟಿ.

"ಯಾವೂರ್ರಿ ಯವ್ವಾ ನಿಮ್ದು?"

"ಕುಷ್ಟಗಿ ಕಡೆಯವ್ರಪ್ಪ ನಾವು. ನೀ ಯಾರ ಮಗ?"

ಅವಳ ಊರಿಗೂ ಹುಡುಗನ ಊರಿಗೂ ನಡುವೆ ಒಂದು ಹಳ್ಳ ಅಡ್ಡವಂತೆ. ಹುಡುಗನ ಸೋದರಮಾವನನ್ನು ಅವಳು ಬಲ್ಲಳು. ಮಲೆನಾಡಿನ ಸಂಸ್ಕೃತಿ ತಿಳಿಯಲು ಮುನ್ನೂರು ಕಿಲೋಮೀಟರಿನಷ್ಟು ದೂರದಿಂದ ಬಂದವನು ಆ ಸಂಜೆಯನ್ನೆಲ್ಲ ಲೈನು ಮನೆಗಳ ಮುಂದೆ ಕಳೆದ. ಉಳಿದವರೂ ಅವನ ಹಿಂದೆ ಹೋದರು. ಮರುದಿನ ಎಳ್ಳ ಅಮಾವಾಸ್ಯೆ. ಅವರ ಊರಿನಲ್ಲಿ ಅಂದು ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬನ್ನಿ ಗಿಡದ ಬುಡದಲ್ಲಿ ಪೂಜೆ ಮಾಡಿ, ಅಡಿಗೆಯನ್ನು ಹೊಲದ ತುಂಬ ಚೆಲ್ಲಿ ಭೂತಾಯಿಗೆ ಉಣಿಸುತ್ತಾರೆ. ಚರಗ ಚೆಲ್ಲುವುದು ಎನ್ನುತ್ತಾರೆ. ಇಲ್ಲಿ ಹೊಲವಿಲ್ಲ, ಬನ್ನಿಯಿಲ್ಲ, ರಜೆಯೂ ಇಲ್ಲ. ಆದ್ದರಿಂದ ಅವರು ಮೂರು ವರ್ಷದಿಂದ, ಬೆಳಗ್ಗೆ ಹಾಜರಿ ಕೂಗುವ ಮೊದಲು, ಕಣದ ಮೂಲೆಯ ಒಂದು ಹಾಲುವಾಣದ ಮರದ ಬುಡದಲ್ಲಿ ಐದು ಕಲ್ಲು ಇಟ್ಟು ಪೂಜೆ ಮಾಡಿ, ಒಂದು ಸಣ್ಣ ಬೋಗುಣಿಯಷ್ಟು ಚರಗವನ್ನು ಕಾಫಿ ಗಿಡಗಳ ಬುಡಕ್ಕೆ ಚೆಲ್ಲುತ್ತಿದ್ದರು.

ತೋಟದ ಯಜಮಾನರಿಗೆ ಇದು ತಿಳಿದಿರಲಿಲ್ಲ. ಮೂರು ಕೊಯ್ಲಿನಿಂದ ತಮ್ಮ ಗಿಡಗಳಿಗೆ ಯಾರೋ ಉಣಬಡಿಸುತ್ತಿದ್ದಾರೆ ಎಂಬುದು ಕೊಪ್ಪಳದಿಂದ ಬಂದ ಹುಡುಗ ಹೇಳಿ ತಿಳಿಯಿತು. ಅವರು ಹೇಳಿದ ಮಾತನ್ನು ಹಾಗೆಯೇ ಕೊಡುತ್ತೇವೆ: "ನಮಗೆ ಇವರ ಹಾಜರಿ ಪುಸ್ತಕ ಗೊತ್ತು, ಮುಂಗಡದ ಲೆಕ್ಕ ಗೊತ್ತು. ಊರಿನ ಹೆಸರು ಕೇಳಿರಲಿಲ್ಲ."

ನಮ್ಮಲ್ಲೂ ಭೂಮಿ ಹುಣ್ಣಿಮೆಯಿದೆ. ತೆನೆ ತುಂಬಿದ ಗದ್ದೆಯನ್ನು ಬಸುರಿಯೆಂದು ಭಾವಿಸಿ, ರಾತ್ರಿಯಿಡೀ ಬಗೆಬಗೆಯ ಸೊಪ್ಪು ಬೇಯಿಸಿ, ಬೆಳಗಿನ ಜಾವ ದೊಂದಿ ಹಿಡಿದು ಹೋಗಿ ಗದ್ದೆ ತೋಟಗಳಿಗೆ ಬೀರುತ್ತೇವೆ. ಸಾಗರ, ಸೊರಬದ ಕಡೆ ದೀವರ ಹೆಣ್ಣುಮಕ್ಕಳು ಅದಕ್ಕಾಗಿ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುತ್ತಾರೆ. ಅಲ್ಲಿ ಜೋಳದ ಹೊಲಕ್ಕೆ ಚರಗ, ಇಲ್ಲಿ ಭತ್ತದ ಗದ್ದೆಗೆ ಬೆರಕೆ ಸೊಪ್ಪು. ಎರಡನ್ನೂ ಪಕ್ಕ ಪಕ್ಕ ಇಟ್ಟು ತೋರಿಸಿದವರು ಇಪ್ಪತ್ತು ವರ್ಷದ ಮಕ್ಕಳು. ಎಳ್ಳ ಅಮಾವಾಸ್ಯೆಯ ಬೆಳಗ್ಗೆ ಆ ಯಜಮಾನರ ಮನೆಯಾಕೆ ಒಂದು ಮೊರದಲ್ಲಿ ಅಕ್ಕಿ, ಬೆಲ್ಲ, ಎಲೆ ಅಡಿಕೆ ಇಟ್ಟುಕೊಂಡು ಕಣದ ಮೂಲೆಗೆ ಹೋದರು. ಹಾಜರಿಯನ್ನು ಅಂದು ಎರಡು ಗಂಟೆ ತಡವಾಗಿ ಕೂಗಿದರು. ಹಣ್ಣು ಗಿಡದಲ್ಲೇ ಇತ್ತು, ಎಲ್ಲೂ ಓಡಿಹೋಗಲಿಲ್ಲ.

ಈ ಅನುಭವದ ಮೇಲೆ ಕೆಲವು ಮಾತುಗಳನ್ನು ಸದಸ್ಯರ ಮುಂದಿಡುತ್ತೇವೆ. ವಿದ್ಯಾರ್ಥಿಗಳನ್ನು ಇರಿಸಿಕೊಳ್ಳುವುದು ಹೋಂ ಸ್ಟೇ ವ್ಯಾಪಾರವಲ್ಲ. ಆ ವ್ಯಾಪಾರದ ಮೇಲೆ ನಮಗೆ ಮುನಿಸಿಲ್ಲ, ಬೆಲೆ ಕುಸಿದ ವರ್ಷಗಳಲ್ಲಿ ಅದು ಎಷ್ಟೋ ಮನೆಗಳ ಕೈಹಿಡಿದಿದೆ. ಆದರೆ ದುಡ್ಡು ಕೊಟ್ಟ ಅತಿಥಿಗೆ ನಾವು ಚೆಂದವಾದದ್ದನ್ನೇ ತೋರಿಸುತ್ತೇವೆ, ಅವರೂ ಅಷ್ಟನ್ನೇ ಬಯಸುತ್ತಾರೆ. ವಿದ್ಯಾರ್ಥಿಗೆ ಊಟದ ಖರ್ಚು ಮಾತ್ರ ತೆಗೆದುಕೊಂಡು, ಒಂದು ಹೊತ್ತು ಕೆಲಸ ಕೊಡಿ. ಸೊಪ್ಪು ಹೊರಲಿ, ಚಟ್ಟದ ಮೇಲೆ ಅಡಿಕೆ ಹರವ‌ಲಿ, ಕಣದಲ್ಲಿ ಕಾಫಿ ಕೆದಕಲಿ. ಮರ ಹತ್ತಿಸುವುದು, ಬೇಯಿಸುವ ಹಂಡೆಯ ಹತ್ತಿರ ಬಿಡುವುದು, ಪಲ್ಪರ್ ಯಂತ್ರಕ್ಕೆ ಕೈಹಾಕಿಸುವುದು ಕೂಡದು. ಕೊನೆಗಾರ ಮರದಿಂದ ಮರಕ್ಕೆ ಜೀಕುವುದನ್ನು ನೋಡಿ ಒಬ್ಬ ಹುಡುಗಿ, "ಬಿದ್ರ ಯಾರು ನೋಡ್ಕೊಂತಾರ್ರಿ?" ಎಂದು ಕೇಳಿದ್ದಳು. ಕೊನೆಗಾರರ ವಿಮೆಯ ವಿಷಯ ಮಂಡಳಿಯ ಮುಂದೆ ಹಿಂದೆಯೂ ಬಂದು ಹೋಗಿತ್ತು. ಈಗ ಮತ್ತೆ ಬಂದಿದೆ. ವಾರ್ಷಿಕ ಸಭೆಯಲ್ಲಿ ಅದನ್ನು ಪ್ರತ್ಯೇಕವಾಗಿ ಚರ್ಚಿಸಲಾಗುವುದು.

ಬರುವವರಿಗೂ ಮೊದಲೇ ತಿಳಿಸಬೇಕಾದದ್ದಿದೆ. ಚಿತ್ರ ತೆಗೆಯುವ ಮೊದಲು ಕೇಳಬೇಕು. ದೇವರ ಕೋಣೆ, ಅಡುಗೆಮನೆಗೆ ಕರೆದರೆ ಮಾತ್ರ ಹೋಗಬೇಕು. ಬರೆದುಕೊಂಡದ್ದರ ಒಂದು ಪ್ರತಿ ಊರಿಗೆ ವಾಪಸು ಬರಲೇಬೇಕು. ಈ ಕೊನೆಯದನ್ನು ನಾವು ಬಹಳ ಒತ್ತಿ ಹೇಳುತ್ತೇವೆ. ನಮ್ಮ ಹಾಡು, ಕಥೆ, ಮದ್ದು, ಮಾತುಗಳನ್ನು ಬರೆದುಕೊಂಡು ಹೋದವರು ಎಷ್ಟೋ ಮಂದಿ. ಆ ಪುಸ್ತಕಗಳು ಯಾವ ಕಪಾಟಿನಲ್ಲಿವೆಯೋ, ಹೇಳಿದವರು ನೋಡಲಿಲ್ಲ.

ದೂರದವರನ್ನು ಕರೆದದ್ದಾಯಿತು, ನಮ್ಮ ಮಕ್ಕಳ ಗತಿಯೇನು ಎಂದು ಕೇಳಬಹುದು. ಬೇಲೂರಿಗೆ ಹೋಗಬೇಡಿ ಎಂದು ನಾವು ಹೇಳುವುದಿಲ್ಲ. ಆದರೆ ಬೇಲೂರು ಕಟ್ಟಿಸಿದ ಹೊಯ್ಸಳರ ಮೂಲ ಊರೆನ್ನುವ ಸೊಸೆವೂರು, ಈಗಿನ ಅಂಗಡಿ, ಮೂಡಿಗೆರೆ ತಾಲ್ಲೂಕಿನ ಕಾಫಿ ತೋಟಗಳ ನಡುವೆಯೇ ಇದೆ. ಪ್ರವಾಸದ ಬಸ್ಸುಗಳು ಅಲ್ಲಿ ನಿಲ್ಲುವುದು ಕಡಿಮೆ. ಮೇಲೆ ಹೇಳಿದ ಪ್ರೌಢಶಾಲೆಯ ಅಧ್ಯಾಪಕರು ಈ ಸಲ ಒಂದು ಏರ್ಪಾಟಿಗೆ ಒಪ್ಪಿದ್ದಾರೆ. ಬರುವ ಜನವರಿ ಕೊನೆಯಲ್ಲಿ, ಅಡಿಕೆಯ ಗಡಿಬಿಡಿ ಕಡಿಮೆಯಾದ ಮೇಲೆ, ಎಂಟು ಮತ್ತು ಒಂಬತ್ತನೆಯ ತರಗತಿಯ ಮಕ್ಕಳು ಎರಡು ದಿನ ನಮ್ಮ ತಾಲ್ಲೂಕಿನಲ್ಲೇ ತಿರುಗುತ್ತಾರೆ. ಮೊದಲ ನಿಲ್ದಾಣ ಬಸ್ ಸ್ಟಾಪಿನ ಕಲ್ಲು. ಒಂದು ರಾತ್ರಿ ತಮ್ಮದಲ್ಲದ ಮನೆಯಲ್ಲಿ ಇರುತ್ತಾರೆ. ತೋಟದವರ ಮಕ್ಕಳು ತೋಟವಿಲ್ಲದವರ ಮನೆಯಲ್ಲಿ, ಅವರ ಮಕ್ಕಳು ಇವರ ಮನೆಯಲ್ಲಿ. ಈ ಕೊನೆಯ ಅಂಶಕ್ಕೆ ಪೋಷಕರ ಸಭೆಯಲ್ಲಿ ಸಾಕಷ್ಟು ಗದ್ದಲವಾಯಿತು, ಇನ್ನೂ ಪೂರ್ತಿ ಶಮನವಾಗಿಲ್ಲ. ಬಸ್ಸಿನ ವೆಚ್ಚವನ್ನು ಸಂಘ ಭರಿಸುತ್ತದೆ. ಮನೆ ಕೊಡಲು ಇಚ್ಛಿಸುವವರು ಸಂಕ್ರಾಂತಿಯ ಒಳಗೆ ಕಾರ್ಯದರ್ಶಿಯವರಲ್ಲಿ ಹೆಸರು ಬರೆಸಬೇಕೆಂದು ವಿನಂತಿ. ಗೋಡೆಯ ಗೂಡಿನ ಲೋಟದ ಪ್ರಶ್ನೆ ಬಂದ ಮನೆಯವರು ಮೊದಲ ಹೆಸರು ಬರೆಸಿದ್ದಾರೆ. ಗೂಡಿನಲ್ಲಿ ಲೋಟಗಳು ಈಗಲೂ ಇವೆಯೇ ಎಂದು ನಾವು ಕೇಳಲು ಹೋಗಲಿಲ್ಲ.

ಕೊಪ್ಪಳದ ವಿದ್ಯಾರ್ಥಿಗಳು ಮಾತು ಉಳಿಸಿಕೊಂಡರು. ಫೆಬ್ರವರಿಯಲ್ಲಿ ಅಂಚೆಯಲ್ಲಿ ಒಂದು ದಪ್ಪ ಪುಸ್ತಕ ಬಂತು, ತೊಂಬತ್ತಾರು ಪುಟ, ಕೈಬರಹ. ಕಛೇರಿಯಲ್ಲಿ ಧಾರಣೆಯ ಪುಸ್ತಕದ ಪಕ್ಕ ಇಟ್ಟಿದ್ದೇವೆ. ಯಾರು ಬೇಕಾದರೂ ಬಂದು ಓದಬಹುದು. ಹದಿನಾಲ್ಕನೆಯ ಪುಟದಲ್ಲಿ ಹಾಳೆ ಮತ್ತು ಸೋಗೆ ಅದಲುಬದಲಾಗಿದ್ದವು. ಪೆನ್ಸಿಲಿನಲ್ಲಿ ತಿದ್ದಿದೆವು. ಈ ವರ್ಷದ ಕೊಯ್ಲಿಗೆ ಕುಷ್ಟಗಿಯ ತಂಡ ಮತ್ತೆ ಬಂದಿದೆ. ಹೋದ ಭಾನುವಾರ ಆ ಹೆಂಗಸು ಸಂತೆ ಮುಗಿಸಿಕೊಂಡು ಕಛೇರಿಗೆ ಬಂದು, ತನ್ನ ಹಬ್ಬದ ಬಗ್ಗೆ ಬರೆದ ಪುಟವನ್ನು ಓದಿಸಿ ಕೇಳಿದಳು. ನಮ್ಮ ಗುಮಾಸ್ತರು ಎರಡು ಸಲ ಓದಿದರು. ಎರಡನೆಯ ಸಲ ಓದುವಾಗ ಅವಳು ತಡೆದು, "ಅಲ್ರಿ, ಶೇಂಗಾದ ಹೋಳಿಗಿ ಅಂತ ಬರದಾನ ಹುಡುಗ. ನಾ ಅವತ್ತ ಮಾಡಿದ್ದು ಎಳ್ಳಿಂದು" ಎಂದಳು. ಅದನ್ನೂ ಪೆನ್ಸಿಲಿನಲ್ಲಿ ತಿದ್ದಿದ್ದೇವೆ.